510 ಲೀಟರ್ ಪೆಟ್ರೋಲ್, ಸಾವಿರ ಕಿಲೋಮೀಟರ್ ಓಟ

ಮಡಿಕೇರಿ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ಮಾರ್ಚ್‌ನಲ್ಲಿ ಹೂಮಳೆ ಕೈಕೊಟ್ಟರೆ ನಮ್ಮ ಕಾಫಿ ತೋಟಗಳಲ್ಲಿ ಏನಾಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಕೆರೆಯ ಬದಿಗೆ ಪಂಪ್‌ಸೆಟ್ ಇಳಿಯುತ್ತದೆ, ಸ್ಪ್ರಿಂಕ್ಲರ್ ಪೈಪುಗಳು ಜೋಡಣೆಯಾಗುತ್ತವೆ, ಬ್ಯಾರೆಲ್‌ನಲ್ಲಿರುವ ಡೀಸೆಲ್ ಎಷ್ಟು ಎಕರೆಗೆ ಸಾಕಾದೀತು ಎಂಬ ಲೆಕ್ಕ ಶುರುವಾಗುತ್ತದೆ. ಎಂಜಿನ್ನನ್ನು ಬೇಕಾಬಿಟ್ಟಿ ಜೋರಾಗಿ ಓಡಿಸಿದರೆ ಕೊನೆಯ ಗಿಡಗಳಿಗೆ ನೀರೇ ಇಲ್ಲ. ಇಂಥದೇ ಲೆಕ್ಕದ ಮೇಲೆ ಹತ್ತು ವರ್ಷ ನಡೆದ ಒಂದು ಕಾರ್ ರೇಸ್ ಸರಣಿಯಿತ್ತು. ಅದು ರೇಸಿಗೆಂದೇ ಕಟ್ಟಿದ ಕಾರುಗಳ ಸರಣಿ, ಜಪಾನಿನ ರಾಷ್ಟ್ರೀಯ ಸ್ಪೋರ್ಟ್ಸ್ ಪ್ರೊಟೊಟೈಪ್ ಚಾಂಪಿಯನ್‌ಷಿಪ್. 1983ರಲ್ಲಿ ಹುಟ್ಟಿದ್ದು, 1992ರಲ್ಲಿ ಕೊನೆಯಾಯಿತು.

ಆ ಕಾರುಗಳು ಓಡುತ್ತಿದ್ದದ್ದು ಗ್ರೂಪ್ ಸಿ ಎಂಬ ನಿಯಮದಡಿ. ಇಂಥ ಕಾರುಗಳಿಗೆ ಜಾಗತಿಕ ಸರಣಿಯೂ ಇತ್ತು. 1982ರಲ್ಲಿ ಬಂದ ಈ ನಿಯಮ ಎಂಜಿನ್ ಇಷ್ಟೇ ಸಿಸಿ ಇರಬೇಕು ಎಂದು ಕಟ್ಟು ಹಾಕಲಿಲ್ಲ. ಪೆಟ್ರೋಲನ್ನು ಮಾತ್ರ ಅಳೆದು ಕೊಟ್ಟಿತು. ಸಾವಿರ ಕಿಲೋಮೀಟರ್‌ಗೆ ಮೊದಲು 600 ಲೀಟರ್, 1985ರಿಂದ 510. ಟ್ಯಾಂಕ್ ಹಿಡಿಯುವುದು ನೂರೇ ಲೀಟರ್. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್ ತಾನೇ? ಆ ಕಾರು ಅಷ್ಟು ದೂರಕ್ಕೆ 61 ಲೀಟರ್ ಕುಡಿಯುತ್ತಿತ್ತು. ನಮಗೆ ಇದು ದುಂದು ಅನ್ನಿಸಬಹುದು. ಆದರೆ ನೇರ ದಾರಿಯಲ್ಲಿ ಗಂಟೆಗೆ 300 ಕಿಲೋಮೀಟರ್ ಮೀರಿ ಓಡುವ ಯಂತ್ರಕ್ಕೆ ಅದು ತೀರಾ ಬಿಗಿಯಾದ ಪಡಿ.

ಫುಜಿ ಟ್ರ್ಯಾಕ್‌ನ ಲೆಕ್ಕ ನೋಡೋಣ. ಒಂದು ಸುತ್ತು ಆಗ ಸುಮಾರು 4.47 ಕಿಲೋಮೀಟರ್, ಸಾವಿರ ಕಿಲೋಮೀಟರ್ ಅಂದರೆ 224 ಸುತ್ತು. 510 ಲೀಟರನ್ನು ಹಂಚಿದರೆ ಸುತ್ತಿಗೆ ಬರುವುದು ಎರಡೂಕಾಲು ಲೀಟರ್‌ಗಿಂತ ಚೂರು ಹೆಚ್ಚು. ಚಾಲಕ ಪ್ರತಿ ಸುತ್ತಿನಲ್ಲೂ ನೂರು ಮಿಲಿ ಲೀಟರ್ ಜಾಸ್ತಿ ಸುಟ್ಟ ಎಂದಿಟ್ಟುಕೊಳ್ಳಿ. ಅರ್ಧ ಲೋಟ ಕಾಫಿಯಷ್ಟು! ಹತ್ತು ಸುತ್ತು ಬಾಕಿ ಇರುವಾಗಲೇ ಕಾರು ದಾರಿಬದಿಯಲ್ಲಿ ನಿಲ್ಲುತ್ತದೆ.

ಹಾಗಾದರೆ ಉಳಿಸುವುದು ಹೇಗೆ? ಮೊದಲ ದಾರಿ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊದ ಒತ್ತಡ ಇಳಿಸುವುದು. ಚಾಲಕನ ಕೈಗೆ ಸಿಗುವಂತೆ ಅದಕ್ಕೊಂದು ತಿರುಪು ಇರುತ್ತಿತ್ತು. ಒತ್ತಡ ಇಳಿದರೆ ಸಿಲಿಂಡರಿಗೆ ಹೋಗುವ ಗಾಳಿ ಕಡಿಮೆ, ಅದಕ್ಕೆ ತಕ್ಕಂತೆ ಪೆಟ್ರೋಲೂ ಕಡಿಮೆ. ಎರಡನೆಯದು ಕಾಲಿನ ಕೆಲಸ. ತಿರುವಿಗೆ ಬ್ರೇಕ್ ಹಾಕುವ ಜಾಗಕ್ಕಿಂತ ಮೊದಲೇ ಆಕ್ಸಿಲರೇಟರ್ ಬಿಟ್ಟು ಕಾರನ್ನು ಅದರ ಓಟದಲ್ಲೇ ತೇಲಲು ಬಿಡಬೇಕು. ನೇರ ದಾರಿಯ ತುದಿಯಲ್ಲೇ ವೇಗ ಅತಿ ಹೆಚ್ಚು, ಗಾಳಿಯ ತಡೆಯೂ ಅಲ್ಲೇ ಹೆಚ್ಚು. ಹಾಗಾಗಿ ಅಲ್ಲಿ ಉಳಿಸಿದ ಪೆಟ್ರೋಲಿಗೆ ಕಳೆದುಕೊಳ್ಳುವ ಸಮಯ ಅತಿ ಕಡಿಮೆ. ಗೇರನ್ನೂ ತುಸು ಬೇಗ ಏರಿಸಬೇಕು. ಮುಂದೆ ಬೇರೆ ಕಾರಿದ್ದರೆ ಅದರ ಬೆನ್ನಿಗೆ ಅಂಟಿಕೊಂಡು, ಅದು ಸೀಳಿದ ಗಾಳಿಯಲ್ಲಿ ಹೋಗಬೇಕು.

ತಪ್ಪುವುದೂ ಇಲ್ಲೇ. ಪೆಟ್ರೋಲ್ ಉಳಿಯಲಿ ಎಂದು ಗಾಳಿ-ಪೆಟ್ರೋಲ್ ಮಿಶ್ರಣವನ್ನು ತೆಳು ಮಾಡಿದರೆ ಎಂಜಿನ್ ಸುಡುತ್ತದೆ. ಟರ್ಬೊ ಎಂಜಿನ್‌ನಲ್ಲಿ ಪೆಟ್ರೋಲ್ ಬರೀ ಉರಿಯುವುದಿಲ್ಲ, ಆವಿಯಾಗುವಾಗ ಒಳಗಿನ ಬಿಸಿಯನ್ನು ಹೀರುವ ಕೆಲಸವನ್ನೂ ಮಾಡುತ್ತದೆ. ಅದು ಸಾಲದೇ ಹೋದರೆ ಮಿಶ್ರಣ ಅಕಾಲದಲ್ಲಿ ಸಿಡಿಯುತ್ತದೆ, ನಮ್ಮ ಮೆಕ್ಯಾನಿಕ್‌ಗಳು ಹೇಳುವ ನಾಕಿಂಗ್. ಅದು ಮುಂದುವರಿದರೆ ಪಿಸ್ಟನ್ ತಲೆಯಲ್ಲಿ ತೂತು ಬೀಳುತ್ತದೆ. ಇನ್ನೊಂದು ತೊಂದರೆ ಟ್ಯಾಂಕಿನದು. ತಳದಲ್ಲಿ ಸ್ವಲ್ಪವೇ ಪೆಟ್ರೋಲ್ ಉಳಿದಾಗ ತಿರುವಿನಲ್ಲಿ ಅದು ಒಂದು ಪಕ್ಕಕ್ಕೆ ಸರಿದುಬಿಡುತ್ತದೆ, ಪಂಪು ಗಾಳಿ ಎಳೆಯುತ್ತದೆ, ಎಂಜಿನ್ ಮುಗ್ಗರಿಸುತ್ತದೆ. ಮಡಿಕೇರಿಯಿಂದ ಸಂಪಾಜೆಗೆ ರಿಸರ್ವ್‌ನಲ್ಲಿ ಘಾಟಿ ಇಳಿದವರಿಗೆ ಇದು ಅರ್ಥವಾಗುತ್ತದೆ.

ಮಳೆ ಬಂದರೆ ಆಟವೇ ಬದಲು. ಒದ್ದೆ ದಾರಿಯಲ್ಲಿ ಪೂರ್ತಿ ಶಕ್ತಿ ಬಳಸಲು ಆಗುವುದಿಲ್ಲ, ಪೆಟ್ರೋಲ್ ತಾನಾಗಿ ಉಳಿಯುತ್ತದೆ, ಪಡಿಯ ಚಿಂತೆ ಹೋಗಿ ಚಾಲಕನ ಕೈಚಳಕವೇ ಮುಂದೆ ಬರುತ್ತದೆ. 1985ರಲ್ಲಿ ಫುಜಿಯಲ್ಲಿ ಜಡಿಮಳೆ ಸುರಿದಾಗ ಯುರೋಪಿನ ಪ್ರಮುಖ ತಂಡಗಳು ಹಿಂದೆ ಸರಿದವು. ಮೊಟಕುಗೊಳಿಸಿದ ಆ ಓಟವನ್ನು ಗೆದ್ದವರು ನಿಸ್ಸಾನ್ ಎಂಜಿನ್ ಕೂರಿಸಿದ, ಮಾರ್ಚ್ ಎಂಬ ಕಂಪನಿಯ ಕಾರು ಓಡಿಸಿದ ಕಜುಯೋಶಿ ಹೋಶಿನೊ. ನಮ್ಮ ಜುಲೈ ಮಳೆ ಗೊತ್ತಿರುವವರು ಆ ಗೆಲುವನ್ನು ಸಣ್ಣದೆನ್ನಲಾರರು.

ಪೆಟ್ರೋಲ್ ಪಡಿಯ ನಿಯಮದ ದೊಡ್ಡ ಗುಣ ವೈವಿಧ್ಯ. ಪೋರ್ಷೆಯ ಆರು ಸಿಲಿಂಡರ್ ಟರ್ಬೊ, ಜಾಗ್ವಾರ್‌ನ 7 ಲೀಟರಿನ ವಿ12, ಪಿಸ್ಟನ್ ಬದಲು ತಿರುಗುವ ರೋಟರ್ ಇರುವ ಮಜ್ದಾದ ರೋಟರಿ, ಎಲ್ಲಕ್ಕೂ ಒಂದೇ ಅಳತೆಗೋಲು. ಇಷ್ಟು ನ್ಯಾಯವಾದ ರೇಸ್ ನಿಯಮ ಅಪರೂಪ ಎಂದೇ ನನ್ನ ಅಭಿಪ್ರಾಯ. ಅದನ್ನು ಕೆಡಿಸಿದ್ದು 1991ರಲ್ಲಿ ಜಾಗತಿಕ ಸರಣಿಗೆ ಬಂದ ಹೊಸ ನಿಯಮ: ಟರ್ಬೊ ಇಲ್ಲದ 3.5 ಲೀಟರ್ ಎಂಜಿನ್, ಕನಿಷ್ಠ ತೂಕ 750 ಕಿಲೋ. ಅದು ಫಾರ್ಮುಲಾ ಒನ್ ಎಂಜಿನ್ನಿನದೇ ಅಳತೆ. ಸುಮಾರು 300 ಕಿಲೋಮೀಟರ್ ಬಾಳಿದರೆ ಸಾಕಾಗಿದ್ದ ಅಂಥ ಎಂಜಿನ್ನನ್ನು ದೂರದ ಓಟಕ್ಕೆ ಹದಗೊಳಿಸಲು ಹಣ ನೀರಿನಂತೆ ಸುರಿಯಬೇಕು. ಕಾರು ಕೊಂಡು ಓಡಿಸುತ್ತಿದ್ದ ಖಾಸಗಿ ತಂಡಗಳು ಕೈಚೆಲ್ಲಿದವು. ರೋಟರಿ ಎಂಜಿನ್ನಿನ ಮಜ್ದಾ 787ಬಿ ಕಾರು 1991ರಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಯ ಓಟ ಗೆದ್ದಿತೆಂಬ ಹೊಟ್ಟೆಕಿಚ್ಚಿಗೆ ರೋಟರಿಯನ್ನು ನಿಷೇಧಿಸಿದರು ಎನ್ನುವ ಮಾತು ತಪ್ಪು. 3.5 ಲೀಟರ್ ನಿಯಮ ಆ ಗೆಲುವಿಗೆ ಮೊದಲೇ ನಿಗದಿಯಾಗಿತ್ತು.

ಜಪಾನ್ ಮಾತ್ರ ತನ್ನ ಸರಣಿಯಲ್ಲಿ ಹಳೆಯ ಟರ್ಬೊ ಕಾರುಗಳಿಗೆ ಜಾಗ ಉಳಿಸಿಕೊಂಡಿತು. ಹೀಗಾಗಿ 1992ರಲ್ಲಿ 3.5 ಲೀಟರಿನ ಅವಳಿ ಟರ್ಬೊ ವಿ8 ಹೊತ್ತ ನಿಸ್ಸಾನ್ ಆರ್92ಸಿಪಿ, ಹೊಸ ನಿಯಮದ ಟೊಯೋಟಾ ಟಿಎಸ್010ರ ಎದುರು ಓಡಿತು. ಆರ್92ಸಿಪಿ ಓಡಿಸಿದವರಲ್ಲಿ ಅದೇ ಹೋಶಿನೊ ಇದ್ದರು. ಅದೇ ವರ್ಷದ ಆರಂಭದಲ್ಲಿ ಅವರು ಚಾಲಕರಾದ ಮಸಾಹಿರೊ ಹಸೆಮಿ ಮತ್ತು ತೊಶಿಯೊ ಸುಜುಕಿ ಜೊತೆ ಹಿಂದಿನ ಮಾದರಿ ಆರ್91ಸಿಪಿಯಲ್ಲಿ ಅಮೆರಿಕದ ಡೇಟೋನಾ 24 ಗಂಟೆಯ ಓಟವನ್ನೂ ಗೆದ್ದಿದ್ದರು.

ಆದರೆ ಜಪಾನಿನ ಆರ್ಥಿಕ ಗುಳ್ಳೆ ಒಡೆದಿತ್ತು, ಜಾಗತಿಕ ಸರಣಿ ಆ ವರ್ಷವೇ ನಿಂತಿತು. ನಿಸ್ಸಾನ್ ಹೊಸ ನಿಯಮಕ್ಕೆಂದು ವಿ12 ಎಂಜಿನ್ನಿನ ಎನ್‌ಪಿ35 ಕಟ್ಟಿ, ಮಿನೆ ಟ್ರ್ಯಾಕ್‌ನಲ್ಲಿ ಒಂದೇ ಒಂದು ರೇಸ್ ಓಡಿಸಿತು. ಮುಂದೆ ಓಡಲು ಸರಣಿಯೇ ಇರಲಿಲ್ಲ. 1993ರಲ್ಲಿ ಜಪಾನ್ ರಸ್ತೆ ಕಾರಿನ ಮಾದರಿಗಳನ್ನು ನೆಚ್ಚಿದ ಜಿಟಿ ಚಾಂಪಿಯನ್‌ಷಿಪ್ ಶುರುಮಾಡಿತು.

ಪೆಟ್ರೋಲ್ ಅಳೆದು ಕೊಡುವ ಪದ್ಧತಿ 2014ರಲ್ಲಿ ವಿಶ್ವ ಎಂಡ್ಯೂರೆನ್ಸ್, ಅಂದರೆ ದೂರದ ಓಟದ ಸರಣಿಗೆ ಮರಳಿತು. ಈ ಸಲ ಮಿತಿ ಪ್ರತಿ ಸುತ್ತಿಗೆ. ನೇರ ದಾರಿಯ ತುದಿಯಲ್ಲಿ, ಬ್ರೇಕಿಗೆ ಮೊದಲೇ, ಎಂಜಿನ್ನಿನ ಸದ್ದು ಮತ್ತೆ ತಗ್ಗತೊಡಗಿತು. ನಮಸ್ಕಾರ.