ಒಂದೇ ಗುಳಿಗೆ, ಬೇರೆ ಬೇರೆ ಮೈ: ಫಾರ್ಮಕೋಜೀನೋಮಿಕ್ಸ್ ಓದಿದವರಿಗೆ ಕೆಲಸ ಎಲ್ಲಿದೆ?

[ಕಾರವಾರ, ಟಾಗೋರ್ ಕಡಲತೀರ, ಬೆಳಗಿನ ಹೊತ್ತು. ಅಂಗೈಯಲ್ಲಿ ಗುಳಿಗೆಯ ಶೀಟು.]

ನಮಸ್ಕಾರ. ಬಿ.ಫಾರ್ಮ್ ಮುಗಿಸಿದ ಶಿರಸಿಯ ತಂಗಿಯೊಬ್ಬಳು ಕೇಳಿದ್ದಾಳೆ: "ಅಣ್ಣ, ಫಾರ್ಮಕೋಜೀನೋಮಿಕ್ಸ್ ಓದಬೇಕು ಅಂತ ಆಸೆ. ಮನೇಲಿ ಆಯಿ, 'ಅದ್ನ ಓದಿ ಎಂತ ಮಾಡ್ತೆ?' ಅಂತಾರೆ. ಏನು ಹೇಳಲಿ?"

ಫಾರ್ಮಕೋಜೀನೋಮಿಕ್ಸ್ ಅಂದರೆ, ಒಬ್ಬೊಬ್ಬರ ಜೀನ್‌ಗೆ ತಕ್ಕಂತೆ ಔಷಧಿ ಮೈಯಲ್ಲಿ ಹೇಗೆ ಬೇರೆ ಬೇರೆಯಾಗಿ ಕೆಲಸ ಮಾಡುತ್ತೆ ಅಂತ ಓದೋದು. ಆಯಿಗೆ ಈ ಗುಳಿಗೆ ತೋರಿಸಿ ಹೇಳು. ಇದು ಕ್ಲೋಪಿಡೋಗ್ರೆಲ್. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಿರಲಿ ಅಂತ ದಿನಾ ನುಂಗೋದು.

[ಕ್ಯಾಮೆರಾ ಹತ್ತಿರಕ್ಕೆ. ಒಂದು ಗುಳಿಗೆ ಮಾತ್ರ.]

ನುಂಗುವಾಗ ಇದಿನ್ನೂ ಔಷಧಿಯಲ್ಲ. ಹಸಿ ಅಡಿಕೆ ಸುಲಿದು, ಚೊಗರಲ್ಲಿ ಬೇಯಿಸಿ ಒಣಗಿಸಿದ ಮೇಲೇ ಕೆಂಪಡಿಕೆ ಆಗುತ್ತಲ್ಲ, ಹಾಗೆ ಇದು ಯಕೃತ್ತಿನಲ್ಲಿ ಹದಗೊಂಡ ಮೇಲೇ ಕೆಲಸಕ್ಕೆ ಬರೋದು. ಹದ ಮಾಡುವುದರಲ್ಲಿ ದೊಡ್ಡ ಪಾಲು ಸಿವೈಪಿ2ಸಿ19 ಎಂಬ ಕಿಣ್ವದ್ದು. ಕೆಲವರಿಗೆ ಹುಟ್ಟಿನಿಂದಲೇ ಆ ಕಿಣ್ವದ ಜೀನ್ ದುರ್ಬಲ. ಅಂಥವರು ತಪ್ಪದೆ ಗುಳಿಗೆ ನುಂಗಿದರೂ ರಕ್ಷಣೆ ಸಾಲದು. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲೇ ಈ ಔಷಧಿಯ ಮಾಹಿತಿ ಚೀಟಿಯಲ್ಲಿ ಚೌಕಟ್ಟಿನೊಳಗೆ ಎದ್ದು ಕಾಣುವಂತೆ ಈ ಎಚ್ಚರಿಕೆ ಹಾಕಿಸಿತು. ಇದನ್ನು ಕೇಳಿ ಯಾರೂ ಗುಳಿಗೆ ನಿಲ್ಲಿಸಬೇಡಿ, ಡಾಕ್ಟರ ಹತ್ತಿರ ಮಾತಾಡಿ.

ಸರಿ, ಕೆಲಸದ ಮಾತು. ಜೀನ್ ಪರೀಕ್ಷೆ ಮಾಡುವುದು ಯಂತ್ರ. ವರದಿ ಓದಿ, "ಈ ರೋಗಿಗೆ ಈ ಔಷಧಿ ಬದಲಿಸಬಹುದು" ಅಂತ ಡಾಕ್ಟರಿಗೆ ಹೇಳುವವರು ಬೇಕು. ಫಾರ್ಮ್.ಡಿ (ಡಾಕ್ಟರ್ ಆಫ್ ಫಾರ್ಮಸಿ) ಮಾಡಿ ಆಸ್ಪತ್ರೆಯಲ್ಲಿ ಡಾಕ್ಟರ ಜೊತೆ ಕೆಲಸ ಮಾಡುವ ಕ್ಲಿನಿಕಲ್ ಫಾರ್ಮಸಿಸ್ಟ್‌ಗಳಿಗೆ ಅಲ್ಲಿ ಜಾಗವಿದೆ.

ನನಗೆ ಎಲ್ಲಕ್ಕಿಂತ ಹತ್ತಿರವಾದ ಕೆಲಸ ಜೆನೆಟಿಕ್ ಕೌನ್ಸೆಲರ್‌ದು, ಅಂದರೆ ಜೀನ್ ಪರೀಕ್ಷೆಯ ಅರ್ಥವನ್ನು ಮನೆಯವರಿಗೆ ತಿಳಿಸಿ ಹೇಳುವವರದು. ಫಿಟ್ಸ್ ಬರುವ ಹುಡುಗನಿಗೆ ಕಾರ್ಬಮಜೆಪಿನ್ ಕೊಡಬೇಕು ಅಂದುಕೊಳ್ಳಿ. ಎಚ್‌ಎಲ್‌ಎ-ಬಿ*15:02 ಎಂಬ ಜೀನ್ ರೂಪ ಇದ್ದರೆ ಮೈಚರ್ಮವೇ ಸುಲಿದು ಬರುವ ಅಪಾಯ ಹೆಚ್ಚು. ಅಂಕೋಲೆಯ ಮೀನುಗಾರ ಅಪ್ಪನ ಎದುರು ಕೂತು ಇದನ್ನು ಹೆದರಿಸದೆ, ಮುಚ್ಚಿಡದೆ, ಅವರ ಮಾತಲ್ಲೇ ಹೇಳಬೇಕು. ಇಂಗ್ಲಿಷ್ ವರದಿ ಕೈಗಿಟ್ಟು ಕಳಿಸಿದರೆ ಅವರಿಗೆ ಏನು ತಿಳಿದೀತು? ಕನ್ನಡ, ಕೊಂಕಣಿ ಎರಡೂ ಬರುವ ನಮ್ಮ ಕರಾವಳಿಯ ಮಕ್ಕಳಿಗೆ ಇದು ಕೈಯಲ್ಲಿರುವ ಬಂಡವಾಳ. ಮಣಿಪಾಲದಲ್ಲಿ ಇದಕ್ಕೆಂದೇ ಎಂ.ಎಸ್ಸಿ ಇದೆ.

[ಯಲ್ಲಾಪುರದ ಕಾಡುದಾರಿ.]

ಲೆಕ್ಕ, ಕಂಪ್ಯೂಟರ್ ಇಷ್ಟವೇ? ಜೀನ್ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ವಿಶ್ಲೇಷಿಸುವ ಬಯೋಇನ್ಫರ್ಮ್ಯಾಟಿಕ್ಸ್ ಕಡೆ ನೋಡಿ. ಔಷಧಿ ಮತ್ತು ಜೀನ್‌ನ ಅಧ್ಯಯನಗಳು ಬಹಳಷ್ಟು ಯುರೋಪ್ ಮೂಲದವರ ಮೇಲೆ ಆದವು. ನಮ್ಮವರ ಮೈಗೆ ಅದೇ ಲೆಕ್ಕ ಹೊಂದುತ್ತೆ ಅಂತ ಹೇಗೆ ನಂಬೋದು? ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಸಮುದಾಯದವರ ಪೂರ್ವಜರು ಆಫ್ರಿಕಾದವರು ಎಂಬುದನ್ನು 2011ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನವೂ ತೋರಿಸಿದೆ. ಅದೇ ಊರಿನ ಹವ್ಯಕರ, ಮರಾಠರ ವಂಶದ ಕತೆ ಬೇರೆ. ಒಂದೇ ತಾಲೂಕಿನಲ್ಲಿ ಇಷ್ಟು ವೈವಿಧ್ಯ! ಬೆಂಗಳೂರಿನ ಐಐಎಸ್ಸಿ ಆವರಣದ ಸೆಂಟರ್ ಫಾರ್ ಬ್ರೇನ್ ರಿಸರ್ಚ್ ಮುಂದಾಳತ್ವದ ಜೀನೋಮ್ ಇಂಡಿಯಾ ಯೋಜನೆ ಸುಮಾರು 10,000 ಭಾರತೀಯರ ಜೀನೋಮ್, ಅಂದರೆ ಇಡೀ ಡಿಎನ್‌ಎ ಬರಹವನ್ನು, ಓದಿತು. ಆ ದತ್ತಾಂಶ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ಅದನ್ನು ಜಾಲಾಡಲು ಪೈಥಾನ್, ಆರ್ ಎಂಬ ಕಂಪ್ಯೂಟರ್ ಭಾಷೆಗಳು, ಸಂಖ್ಯಾಶಾಸ್ತ್ರ ಬಲ್ಲವರು ಬೇಕು. ಬೆಂಗಳೂರಿನ ಐಬಿಎಬಿಯಂಥ (ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಅಂಡ್ ಅಪ್ಲೈಡ್ ಬಯೋಟೆಕ್ನಾಲಜಿ) ಸಂಸ್ಥೆಗಳಲ್ಲಿ ಇದನ್ನು ಕಲಿಯಬಹುದು.

ಕ್ಲಿನಿಕಲ್ ಟ್ರಯಲ್, ಡಯಾಗ್ನೋಸ್ಟಿಕ್ ಲ್ಯಾಬ್, ಔಷಧಿಯ ಅಡ್ಡಪರಿಣಾಮ ದಾಖಲಿಸುವ ಫಾರ್ಮಕೋವಿಜಿಲೆನ್ಸ್ ಕೂಡ ಇವೆ. ಡಿಗ್ರಿ ಮುಗಿದ ತಕ್ಷಣ ಸಂಬಳ ಬೇಕೆಂದರೆ ಕೊನೆಯದನ್ನು ಮೊದಲು ನೋಡಿ.

ಮುಚ್ಚಿಡದೆ ಹೇಳುತ್ತೇನೆ: ಕೆಲಸ ಹೆಚ್ಚಾಗಿ ಬೆಂಗಳೂರು, ಹೈದರಾಬಾದಿನ ಕಡೆ. ಘಟ್ಟ ಹತ್ತಲೇಬೇಕು.

ತಂಗಿ, ಕೋರ್ಸಿಗೆ ಫೀಸು ಕಟ್ಟುವ ಮೊದಲು ಒಂದು ಕೆಲಸ ಮಾಡು. ನಿಮ್ಮ ಮನೆಯ ಹಿರಿಯರ ಗುಳಿಗೆ ಡಬ್ಬಿ ತೆರೆದು ಹೆಸರು ಬರೆದುಕೋ. ಸಿಪಿಐಸಿ ಎಂಬ ಜಾಲತಾಣದಲ್ಲಿ ಯಾವ ಔಷಧಿಗೆ ಯಾವ ಜೀನ್ ಅಂತ ಉಚಿತವಾಗಿ ಸಿಗುತ್ತದೆ. ಪಟ್ಟಿಯ ಒಂದೊಂದೇ ಗುಳಿಗೆ ಹುಡುಕು. ಮೂರನೇ ಹೆಸರಿಗೆ ಬರುವಾಗ ಊಟಕ್ಕೆ ಕರೆದದ್ದೂ ಕೇಳಿಸದಿದ್ದರೆ, ಆಯಿಯ ಹತ್ತಿರ ಮತ್ತೆ ಮಾತಾಡು.