ಎರಡೇ ಉಂಡೆಗಳ ಬೆಂಕಿ

ಎಲ್ಲರಿಗೂ ನಮಸ್ಕಾರ.

ಇವತ್ತಿನ ನನ್ನ ವಿಷಯ ಒಂದು ಹೂವು. 1985ರ ಸೆಪ್ಟೆಂಬರ್ 13ರಂದು ಜಪಾನಿನಲ್ಲಿ ಬಿಡುಗಡೆಯಾದ ‘ಸೂಪರ್ ಮಾರಿಯೋ ಬ್ರದರ್ಸ್’ ವಿಡಿಯೊ ಆಟದ ಫೈರ್ ಫ್ಲವರ್, ಅಂದರೆ ಆಟದ ನಾಯಕ ಮಾರಿಯೋಗೆ ಬೆಂಕಿಯುಂಡೆ ಎಸೆಯುವ ಶಕ್ತಿ ಕೊಡುವ ಹೂವು. ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ರೂಪಿಸಿದ ಆಟ ಅದು. ನಿಮ್ಮಲ್ಲಿ ಹಲವರು ಗೇಮ್ ಮಾಡಬೇಕೆಂದು ಹೊರಟವರು. ಆಟಗಾರನ ಕೈಗೆ ಆಯುಧ ಕೊಟ್ಟೂ ಆಟ ಕೆಡದಂತೆ ಹೇಗೆ ಕಾಯುವುದು ಅಂತ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ.

ಮಾರಿಯೋ ಆಟದ ಜೀವ ಇರುವುದು ಜಿಗಿತದಲ್ಲಿ. ಓಡಬೇಕು, ಹಾರಬೇಕು, ಶತ್ರುವಿನ ತಲೆಯ ಮೇಲೆ ಇಳಿಯಬೇಕು. ಅಂಥ ಆಟದಲ್ಲಿ ದೂರದಿಂದಲೇ ಹೊಡೆಯುವ ಅಸ್ತ್ರ ಇಟ್ಟರೆ ಏನಾಗುತ್ತದೆ ಯೋಚಿಸಿ. ಹಾರುವ ಕಷ್ಟ ಯಾರಿಗೆ ಬೇಕು? ನಿಂತಲ್ಲಿಂದಲೇ ಎಲ್ಲರನ್ನೂ ಸುಟ್ಟು ಮುಂದೆ ನಡೆದರಾಯಿತು. ಹಾಗಾಗದಂತೆ ಈ ಬೆಂಕಿಗೆ ಸುತ್ತಲೂ ಕಟ್ಟಿದ ಬೇಲಿಯೇ ನನಗೆ ದೊಡ್ಡ ಬೆರಗು.

ಮೊದಲು ಹೂವು ಸಿಗುವ ಬಗೆ ನೋಡಿ. ಪ್ರಶ್ನಾರ್ಥಕ ಚಿಹ್ನೆಯ ಇಟ್ಟಿಗೆಯನ್ನು ಚಿಕ್ಕ ಮಾರಿಯೋ ಗುದ್ದಿದರೆ ಅವನನ್ನು ದೊಡ್ಡವನಾಗಿಸುವ ಅಣಬೆ ಬರುತ್ತದೆ. ಅದೇ ಇಟ್ಟಿಗೆಯನ್ನು ದೊಡ್ಡ ಮಾರಿಯೋ ಗುದ್ದಿದರೆ ಹೂವು. ಏಟು ತಿಂದು ಕುಗ್ಗಿದವನಿಗೆ ಮತ್ತೆ ಎದ್ದು ನಿಲ್ಲುವ ದಾರಿ, ಏಟು ತಿನ್ನದೆ ಬಂದವನಿಗೆ ಬೆಂಕಿ. ಹಂತವೊಂದನ್ನೇ ಕಟ್ಟಿ ಇಬ್ಬರು ಆಟಗಾರರಿಗೂ ಬೇಕಾದ್ದನ್ನು ಕೊಟ್ಟಿದ್ದಾರೆ. ಅಣಬೆ ನೆಲದ ಮೇಲೆ ಓಡಿಹೋಗುತ್ತದೆ, ಅಟ್ಟಿಸಿಕೊಂಡು ಹೋಗಿ ಹಿಡಿಯಬೇಕು. ಹೂವು ಮಾತ್ರ ಇಟ್ಟಿಗೆಯ ಮೇಲೆ ಕದಲದೆ ನಿಂತಿರುತ್ತದೆ. ಅದನ್ನು ತೆಗೆದುಕೊಳ್ಳಲೂ ಜಿಗಿಯಲೇಬೇಕು!

ಹೂವು ಮುಟ್ಟಿದ ಕೂಡಲೇ ಬಟ್ಟೆಯ ಬಣ್ಣ ಬದಲಾಗುತ್ತದೆ. ಟೋಪಿ, ಮೇಲುಡುಪು ಬಿಳಿ, ಅಂಗಿ ಕೆಂಪು. ಇಡೀ ಆಟ ಕೂತಿದ್ದು 40 ಕಿಲೋಬೈಟ್ ಜಾಗದಲ್ಲಿ. ಹೊಸ ಮಾರಿಯೋನನ್ನು ಪೂರ್ತಿ ಚಿತ್ರಿಸುವಷ್ಟು ಸಡಿಲ ಎಲ್ಲಿಯದು? ಅದೇ ಚಿತ್ರಕ್ಕೆ ಬೇರೆ ಬಣ್ಣದ ಪಟ್ಟಿ ಹಚ್ಚಿದರು. ಆದರೂ ಒಂದು ನೋಟಕ್ಕೇ ಗೊತ್ತಾಗುತ್ತದೆ, ಇವನ ಕೈಯಲ್ಲೀಗ ಬೆಂಕಿಯಿದೆ ಅಂತ.

ಈಗ ಉಂಡೆಯ ಓಟಕ್ಕೆ ಬರೋಣ. ಅದು ಗುಂಡಿನಂತೆ ನೇರ ಹೋಗುವುದಿಲ್ಲ. ಕೈಯಿಂದ ಓರೆಯಾಗಿ ಕೆಳಗಿಳಿದು, ಕೆರೆಯ ನೀರಿನ ಮೇಲೆ ಬೀಸಿದ ಚಪ್ಪಟೆ ಕಲ್ಲಿನಂತೆ ಕುಪ್ಪಳಿಸುತ್ತಾ ಸಾಗುತ್ತದೆ. ಗೂಂಬಾ ಎಂಬ ಶತ್ರು ಕುಳ್ಳ, ನೇರ ಹೋದ ಉಂಡೆ ಅವನ ತಲೆಯ ಮೇಲಿಂದ ದಾಟಿಬಿಡುತ್ತಿತ್ತು. ಕುಪ್ಪಳಿಸುವ ಉಂಡೆ ನೆಲ ಹಿಡಿದೇ ಸಾಗಿ ಅವನನ್ನು ಮುಟ್ಟುತ್ತದೆ. ಗೋಡೆಗೆ ಬಡಿದರೆ ಆರಿತು, ಹಳ್ಳಕ್ಕೆ ಬಿದ್ದರೆ ಹೋಯಿತು. ಗಾಳಿಯಲ್ಲಿ ಇರುವ ಶತ್ರುವಿಗೆ ತಾಗಿಸಬೇಕಾದರೆ ನೀವೇ ಹಾರಿ, ಆ ಎತ್ತರದಿಂದ ಎಸೆಯಬೇಕು. ಹೀಗೆ ಬೆಂಕಿಯೂ ಜಿಗಿತಕ್ಕೇ ಕಟ್ಟುಬೀಳುತ್ತದೆ.

ಎಲ್ಲಕ್ಕಿಂತ ಹೆಚ್ಚು ನಾನು ಮೆಚ್ಚುವುದು ಇನ್ನೊಂದು ನಿಯಮವನ್ನು. ಪರದೆಯ ಮೇಲೆ ಒಮ್ಮೆಗೆ ಎರಡೇ ಉಂಡೆಗಳು. ಎರಡೂ ಹಾರಾಡುತ್ತಿರುವಾಗ ಬಟನ್ ಎಷ್ಟು ಒತ್ತಿದರೂ ಮೂರನೆಯದು ಬರುವುದಿಲ್ಲ. ಒಂದು ಏನಕ್ಕಾದರೂ ತಾಗಿ ಆರಬೇಕು, ಇಲ್ಲವೇ ಪರದೆ ದಾಟಬೇಕು. ಇದರಿಂದ ಏನಾಯಿತು ಗಮನಿಸಿ. ಶತ್ರು ದೂರ ಇದ್ದರೆ ಉಂಡೆ ಅಲ್ಲಿಯವರೆಗೆ ಹೋಗಲು ಹೊತ್ತು ಬೇಕು, ಅಷ್ಟು ಹೊತ್ತು ನೀವು ಬರಿಗೈ. ಶತ್ರು ಹತ್ತಿರ ಇದ್ದರೆ ಎಸೆದದ್ದು ಎಸೆದಂತೆ ತಾಗುತ್ತದೆ, ಮರುಕ್ಷಣ ಮತ್ತೊಂದು ಸಿದ್ಧ. ಅಪಾಯಕ್ಕೆ ಹತ್ತಿರ ಹೋದಷ್ಟೂ ಆಯುಧ ಚುರುಕಾಗುತ್ತದೆ. ಎಲ್ಲೂ ಬರೆದಿಡದ ಈ ನಿಯಮವನ್ನು ಮಕ್ಕಳ ಬೆರಳು ತಾನಾಗಿ ಕಲಿಯುತ್ತದೆ.

ನಮ್ಮ ಕಡೆ ತೊಂಬತ್ತರ ದಶಕದಲ್ಲಿ ಬಹಳ ಮಂದಿ ಈ ಆಟ ಆಡಿದ್ದು ಟಿವಿಗೆ ಸಿಕ್ಕಿಸುವ ನಕಲು ಯಂತ್ರಗಳಲ್ಲಿ, ಹಲವಾರು ಆಟ ತುಂಬಿದ ಕ್ಯಾಸೆಟ್ ಹಾಕಿಕೊಂಡು. ಅವುಗಳ ಕಂಟ್ರೋಲರ್‌ನಲ್ಲಿ ಟರ್ಬೋ ಬಟನ್ ಇರುತ್ತಿತ್ತು. ಒತ್ತಿ ಹಿಡಿದರೆ ತಾನೇ ಪಟಪಟ ಹೊಡೆಯುತ್ತದೆ. ಫೈರ್ ಮಾರಿಯೋನ ಮುಂದೆ ಆ ಟರ್ಬೋ ಆಟವೂ ನಡೆಯುತ್ತಿರಲಿಲ್ಲ. ದೂರದ ಶತ್ರುವಿಗೆ ಎರಡು ಉಂಡೆ ಹೋದ ಮೇಲೆ ಅದೂ ಕಾಯಲೇಬೇಕು. ನಿಯಮ ಇರುವುದು ಆಟದ ಒಳಗೆ.

ಎಸೆಯುವುದಕ್ಕೂ ವೇಗವಾಗಿ ಓಡುವುದಕ್ಕೂ ಒಂದೇ ಬಿ ಬಟನ್. ಓಡುತ್ತಲೇ ಇನ್ನೊಂದು ಉಂಡೆ ಬೇಕೆಂದರೆ ಹಿಡಿದ ಬಟನ್ ಅರೆಗಳಿಗೆ ಬಿಟ್ಟು ಮತ್ತೆ ಒತ್ತಬೇಕು. ಹೆಬ್ಬೆರಳಿನ ತುದಿ ಬಿ ಮೇಲೆ, ಬುಡ ಜಿಗಿಯುವ ಎ ಬಟನ್ ಮೇಲೆ. ಆ ಹಿಡಿತ ಬಂದವರ ಕೈ ನೋಡುವುದೇ ಒಂದು ಸಂತೋಷ.

ಶತ್ರುಗಳ ಜೋಡಣೆಯಲ್ಲೂ ಇದೇ ತೂಕ. ಮುಳ್ಳುಬೆನ್ನಿನ ಸ್ಪೈನಿಯನ್ನು ತುಳಿಯಲಾಗದು, ಸುಡಬಹುದು. ಕಪ್ಪು ಚಿಪ್ಪಿನ ಬಜೀ ಬೀಟಲ್‌ಗೆ ಬೆಂಕಿ ತಾಗದು, ತುಳಿಯಬಹುದು. ಕೊಳವೆಯಿಂದ ಏಳುವ ಪಿರಾನ್ಹಾ ಗಿಡ ಸುಡುತ್ತದೆ, ಫಿರಂಗಿಯಿಂದ ಹಾರಿಬರುವ ಬುಲೆಟ್ ಬಿಲ್ ಸುಡದು. ಕೋಟೆಯ ಕೊನೆಯಲ್ಲಿ ಶತ್ರುಗಳ ದೊರೆ ಬೌಸರ್. ಅವನ ಹಿಂದಿರುವ ಕೊಡಲಿ ಮುಟ್ಟಿ ಸೇತುವೆ ಕೆಡವುವುದು ಎಲ್ಲರ ದಾರಿ. ಹೂವು ಉಳಿಸಿಕೊಂಡು ಬಂದವರಿಗೆ ಇನ್ನೊಂದು ದಾರಿಯಿದೆ: ಐದು ಉಂಡೆ ತಾಗಿದರೆ ಅವನು ಉರುಳುತ್ತಾನೆ. ಮೊದಲ ಏಳು ಲೋಕಗಳಲ್ಲಿ ಆಗ ಅವನ ವೇಷ ಕಳಚುತ್ತದೆ. ಮೊದಲ ಕೋಟೆಯಲ್ಲಿದ್ದವನು ಬರೀ ಒಬ್ಬ ಗೂಂಬಾ. ಕೊಡಲಿಯ ದಾರಿ ಹಿಡಿದವರಿಗೆ ಈ ಗುಟ್ಟು ಕಾಣುವುದೇ ಇಲ್ಲ.

ಬೆಂಕಿ ಕಳೆದುಕೊಳ್ಳುವುದು ಮಾತ್ರ ಕಠಿಣ. ಒಂದೇ ಏಟಿಗೆ ನೇರ ಚಿಕ್ಕ ಮಾರಿಯೋ. ಏರುವಾಗ ಎರಡು ಮೆಟ್ಟಿಲು, ಇಳಿಯುವಾಗ ಒಂದೇ ಜಾರು. ‘ಸೂಪರ್ ಮಾರಿಯೋ ಬ್ರದರ್ಸ್ 3’ ಜಪಾನಿನಿಂದ ಹೊರಗೆ ಬಂದಾಗ ಇದನ್ನು ಸಡಿಲಿಸಿ, ಒಂದು ಮೆಟ್ಟಿಲು ಮಾತ್ರ ಇಳಿಯುವಂತೆ ಮಾಡಿದರು. ಮಕ್ಕಳ ಮೇಲಿನ ಆ ಕನಿಕರ ಸರಿಯಾದದ್ದೇ.

ಮುಂದಿನ ಆಟಗಳಲ್ಲಿ ಹೂವಿನ ಗುಣ ಅಲ್ಲಲ್ಲಿ ತಿರುಗಿತು. 1989ರ ‘ಸೂಪರ್ ಮಾರಿಯೋ ಲ್ಯಾಂಡ್’ನಲ್ಲಿ ಉಂಡೆ ಗೋಡೆಗೆ ಪುಟಿದು ನಾಣ್ಯ ಹೆಕ್ಕುತ್ತಿತ್ತು. 1990ರ ‘ಸೂಪರ್ ಮಾರಿಯೋ ವರ್ಲ್ಡ್’ನಲ್ಲಿ ಸುಟ್ಟ ಶತ್ರು ನಾಣ್ಯವಾಗುತ್ತಿದ್ದ. 1996ರಲ್ಲಿ ಆಟ ಮೂರು ಆಯಾಮಕ್ಕೆ ಹೊರಳಿದಾಗ, ‘ಸೂಪರ್ ಮಾರಿಯೋ 64’ರಲ್ಲಿ ಹೂವೇ ಇರಲಿಲ್ಲ. ಕ್ಯಾಮೆರಾ ಸುತ್ತಲೂ ತಿರುಗುವ ಬಯಲಿನಲ್ಲಿ ಕುಪ್ಪಳಿಸುವ ಉಂಡೆಗೆ ಗುರಿ ಹಿಡಿಯುವುದು ಸುಲಭವಲ್ಲ. 2007ರ ‘ಗ್ಯಾಲಕ್ಸಿ’ಯಲ್ಲಿ ಅದು ಮರಳಿತು, ಆದರೆ ಗಡಿಯಾರ ಕಟ್ಟಿಕೊಂಡು. ಸ್ವಲ್ಪ ಹೊತ್ತಿಗೆ ತಾನಾಗಿಯೇ ಆರುವ ಬೆಂಕಿ, ಹೆಚ್ಚಾಗಿ ದೀವಟಿಗೆ ಹಚ್ಚುವಂಥ ಕೆಲಸಕ್ಕೆ. ಅದು ನನಗೆ ಒಪ್ಪಿಗೆಯಾಗಲಿಲ್ಲ. ನನ್ನ ತಪ್ಪಿನಿಂದ ಹೋದರೆ ಹೋಗಲಿ, ಗಡಿಯಾರ ಬಂದು ಕಿತ್ತುಕೊಂಡರೆ ಜೋಪಾನ ಮಾಡುವ ಆಸೆಯೇ ಹುಟ್ಟುವುದಿಲ್ಲ. 2011ರ ‘3ಡಿ ಲ್ಯಾಂಡ್’ ಇದನ್ನು ಸರಿಪಡಿಸಿತು. ಕ್ಯಾಮೆರಾವನ್ನು ಬಹುಮಟ್ಟಿಗೆ ಕಟ್ಟಿಹಾಕಿ, ದಾರಿಯನ್ನು ಕಿರಿದುಗೊಳಿಸಿ, ಏಟು ಬೀಳುವವರೆಗೂ ಹೂವು ನಿಮ್ಮದೇ ಎಂದಿತು.

ಇಲ್ಲಿಗೆ ನನ್ನ ಮಾತು ನಿಲ್ಲಿಸುತ್ತೇನೆ. ಪಕ್ಕದ ಮೇಜಿನ ಮೇಲೆ 1985ರ ಆಟ ಹಾಕಿಟ್ಟಿದ್ದೇನೆ. ಒಬ್ಬೊಬ್ಬರಾಗಿ ಬಂದು ಹೂವು ಹಿಡಿದು, ಮೊದಲು ದೂರದಿಂದ, ಆಮೇಲೆ ಹತ್ತಿರದಿಂದ ಎಸೆದು ನೋಡಿ. ಪ್ರಶ್ನೆಗಳನ್ನು ಅದಾದ ಮೇಲೆ ತೆಗೆದುಕೊಳ್ಳೋಣ.