ಕೈಚೀಲದೊಳಗಿನ ಮಾತ್ರೆ ಡಬ್ಬಿ

ಕೇಳುಗರೆಲ್ಲರಿಗೂ ನಮಸ್ಕಾರ.

2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಾಳಿ ಶುರು ಮಾಡಿತು. ಆಗ ಆ ದೇಶದಲ್ಲಿ ಸುಮಾರು 2.5 ಲಕ್ಷ ಮಂದಿ ಎಚ್‌ಐವಿ ಸೋಂಕಿನೊಂದಿಗೆ ಬದುಕುತ್ತಿದ್ದರು. ಅವರಲ್ಲಿ 1 ಲಕ್ಷಕ್ಕೂ ಜಾಸ್ತಿ ಜನ ದಿನಾ ಮಾತ್ರೆ ನುಂಗುತ್ತಿದ್ದರು. 18ರಿಂದ 60 ವರ್ಷದ ಗಂಡಸರಲ್ಲಿ ಹೆಚ್ಚಿನವರು ದೇಶ ಬಿಡುವಂತಿರಲಿಲ್ಲ. ಹಾಗಾಗಿ ಗಡಿ ದಾಟಿದವರು ಬಹುಪಾಲು ಹೆಂಗಸರು ಮತ್ತು ಮಕ್ಕಳು.

ಪೋಲೆಂಡಿನ ಪ್ರೆಮಿಶ್ಲ್ ರೈಲು ನಿಲ್ದಾಣದಲ್ಲಿ ಬಿಸಿ ಸೂಪು, ಹೊದಿಕೆ ಹಿಡಿದು ಜನ ಕಾಯುತ್ತಿದ್ದರು. ಸೂಪು ಕೇಳಲು ಯಾರಿಗೂ ನಾಚಿಕೆಯಿಲ್ಲ. ಎಚ್‌ಐವಿ ಮಾತ್ರೆ ಕೇಳುವುದು ಹೇಗೆ? ಪಕ್ಕದಲ್ಲೇ ಮಗಳು ನಿಂತಿರುತ್ತಾಳೆ. ಹಿಂದೆ ಊರಿನವರು. ಭಾಷೆ ಬೇರೆ. ಮಾತು ತಿಳಿಸಿ ಹೇಳುವವರು ಯಾರೋ ಏನೋ. ಊರಲ್ಲಿ ಒಬ್ಬ ಡಾಕ್ಟರಿಗೆ ಮಾತ್ರ ಗೊತ್ತಿದ್ದ ಗುಟ್ಟನ್ನು ಇಲ್ಲಿ ಮೂರ್ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳಬೇಕು. ಎಷ್ಟೋ ಹೆಂಗಸರಿಗೆ ಸುಮ್ನೆ ಇದ್ದುಬಿಡುವುದೇ ವಾಸಿ ಅನ್ನಿಸುತ್ತದೆ.

ಆದರೆ ಸುಮ್ಮನಿದ್ದರೆ ಅಪಾಯ. ಮಾತ್ರೆ ನಿಂತ ಕೆಲವೇ ವಾರಗಳಲ್ಲಿ ರಕ್ತದಲ್ಲಿ ವೈರಸ್ ಮತ್ತೆ ಹೆಚ್ಚುತ್ತದೆ. ಬಿಟ್ಟುಬಿಟ್ಟು ನುಂಗಿದರೆ ಆ ಔಷಧಿಗೆ ವೈರಸ್ ಜಗ್ಗದೆ ಹೋಗಬಹುದು.

ಗರ್ಭಿಣಿಯ ಮಾತು ಇನ್ನೂ ಸೂಕ್ಷ್ಮ. ಚಿಕಿತ್ಸೆಯೇ ಇಲ್ಲದಿದ್ದರೆ, ಬಸಿರು, ಹೆರಿಗೆ, ಎದೆಹಾಲು ಎಲ್ಲ ಸೇರಿ, 100 ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗುಲುತ್ತದೆ. ತಾಯಿ ತಪ್ಪದೆ ಮಾತ್ರೆ ನುಂಗಿದರೆ, ಮಗುವಿಗೂ ಔಷಧಿ ಹಾಕಿದರೆ, ಅದು 5ಕ್ಕಿಂತ ಕೆಳಗೆ ಇಳಿಯುತ್ತದೆ. ಎಷ್ಟು ದೊಡ್ಡ ವ್ಯತ್ಯಾಸ ನೋಡಿ! ಹುಟ್ಟಿದ ಕೂಸಿಗೆ ಮೊದಲ ಕೆಲವು ವಾರ ಔಷಧಿ ಹಾಕಬೇಕು, ರಕ್ತ ಪರೀಕ್ಷೆಯನ್ನೂ ಮಾಡಿಸಬೇಕು. ಮನೆಯಲ್ಲಿದ್ದರೆ ಇದು ಕಷ್ಟವೇನಲ್ಲ. ಇವತ್ತು ಶಾಲೆಯ ಹಾಲ್‌ನಲ್ಲಿ, ನಾಳೆ ಬೇರೆ ದೇಶದ ಬಸ್ಸಿನಲ್ಲಿ ಇರುವ ಬಾಣಂತಿಗೆ ಇದನ್ನು ಯಾರು ನೆನಪಿಸಬೇಕು?

ಯುದ್ಧದ ನಡುವೆ ಅತ್ಯಾಚಾರಕ್ಕೆ ಒಳಗಾದ ಹೆಂಗಸಿಗೆ ಸೋಂಕು ತಡೆಯುವ ಔಷಧಿ 72 ಗಂಟೆಯೊಳಗೆ ಶುರುವಾಗಬೇಕು. ಎಷ್ಟು ಬೇಗವಾದರೆ ಅಷ್ಟು ಒಳ್ಳೆಯದು. ಎಚ್‌ಐವಿ ಇರುವ ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ಬರುವ ಸಾಧ್ಯತೆ ಉಳಿದವರಿಗಿಂತ 6 ಪಟ್ಟು ಜಾಸ್ತಿ. ಊರು ಬಿಟ್ಟವರಿಗೆ ಆ ತಪಾಸಣೆಯೂ ತಪ್ಪಿಹೋಗುತ್ತದೆ.

ಉಕ್ರೇನಿನಲ್ಲಿ ಹೆಚ್ಚಾಗಿ ಕೊಡುತ್ತಿದ್ದುದು ಮೂರು ಔಷಧಿ ಒಂದೇ ಮಾತ್ರೆಯಲ್ಲಿರುವ ಟಿಎಲ್‌ಡಿ. ನಮ್ಮ ರಾಜ್ಯದಲ್ಲಿ ಎಚ್‌ಐವಿಗೆ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರಗಳಲ್ಲಿ ಕೊಡುವುದೂ ಹೆಚ್ಚಾಗಿ ಇದೇ. ಜಗತ್ತಿನ ಬಡ ದೇಶಗಳಿಗೆ ಹೋಗುವ ಇಂಥ ಮಾತ್ರೆಗಳಲ್ಲಿ ಹೆಚ್ಚಿನವು ತಯಾರಾಗುವುದು ಭಾರತದಲ್ಲೇ. ಗಡಿಯಾಚೆ ಮಾತ್ರೆಯ ಹೆಸರು, ಬಣ್ಣ ಬದಲಾಗಬಹುದು. ಅದಕ್ಕೇ ಔಷಧಿಯ ಹೆಸರು ಬರೆದ ಒಂದು ಚೀಟಿ ಕೈಯಲ್ಲಿರಬೇಕು. ಮೂರು ತಿಂಗಳದ್ದೋ ಆರು ತಿಂಗಳದ್ದೋ ಮಾತ್ರೆ ಒಟ್ಟಿಗೆ ಕೊಟ್ಟಿದ್ದರೆ ಇನ್ನೂ ಒಳ್ಳೆಯದು. ನಿರಾಶ್ರಿತರ ಶಿಬಿರದಲ್ಲಿ ಬಾಗಿಲು ಹಾಕಿಕೊಳ್ಳುವ ಒಂದು ಚಿಕ್ಕ ಕೋಣೆ ಇರಲಿ. ಅಲ್ಲಿ ಆಕೆಯ ಭಾಷೆ ಬಲ್ಲ, ಗುಟ್ಟು ಕಾಯುವ ಒಬ್ಬ ಹೆಂಗಸು ಕೂತಿರಲಿ. ಇದಕ್ಕೆ ಹೆಚ್ಚು ದುಡ್ಡೇನೂ ಬೇಕಾಗಿಲ್ಲ.

ಉಕ್ರೇನಿನಲ್ಲಿ 'ಹಂಡ್ರೆಡ್ ಪರ್ಸೆಂಟ್ ಲೈಫ್' ಎಂಬ ಸಂಘಟನೆ ಇದೆ. ಎಚ್‌ಐವಿಯೊಂದಿಗೆ ಬದುಕುತ್ತಿರುವವರೇ ಕಟ್ಟಿಕೊಂಡದ್ದು. ಬಾಂಬ್ ಬೀಳುತ್ತಿದ್ದಾಗಲೂ ಅವರು ಔಷಧಿ ತಲುಪಿಸುವ ಕೆಲಸ ನಿಲ್ಲಿಸಲಿಲ್ಲ. ಅದೇ ಮಾತ್ರೆ ನುಂಗುವವರ ಮುಂದೆ "ನನಗೂ ಬೇಕು" ಅನ್ನುವುದು ಸ್ವಲ್ಪ ಸುಲಭ, ಅಲ್ವಾ?

ನಮಸ್ಕಾರ.